ಓಟು ಹಾಕಿದವರ ಮನೆ ಮುಂದೆ

ದೊಡ್ಡವ್ವನ ಎರಡೂ ಕಾಲಿನ ಹರಡಿನ ಎಲುಬಿನ ಮೇಲೆ ರೂಪಾಯಿಯಷ್ಟು ಅಗಲಕ್ಕೆ ಚರ್ಮ ಕಪ್ಪಾಗಿ ಜಡ್ಡುಗಟ್ಟಿತ್ತು. ಕುಡುಗೋಲು ಹಿಡಿಯುವವರಿಗೆ ಅಂಗೈಯಲ್ಲಿ ಹಾಗೆ ಆಗುತ್ತದೆ, ನಮಾಜು ಮಾಡುವವರಿಗೆ ಹಣೆಯ ಮೇಲೆ. ಇವಳಿಗೆ ಕಾಲಿನ ಮೇಲೆ, ಯಾಕೆಂದರೆ ಇವಳು ಕಚೇರಿಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಂಡೇ ಮುದುಕಿಯಾದವಳು. ಗದ್ವಾಲದ ಕಲ್ಲುಹಾಸು, ಮಖ್ತಲ್ಲಿನ ಗರಸು, ಜಿಲ್ಲೆಯಾದ ಮೇಲೆ ನಾರಾಯಣಪೇಟೆಯ ಹೊಸ ಸಿಮೆಂಟು, ಒಂದನ್ನೂ ಬಿಟ್ಟಿರಲಿಲ್ಲ. ಸಂಜೆ ಹೊತ್ತು ಕಟ್ಟೆಯ ಮೇಲೆ ಕುಳಿತು ಆ ಜಡ್ಡಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತ, “ಇದ ನೋಡವಾ ನನ್ನ ಪೆನ್ಶನ್” ಎನ್ನುತ್ತಿದ್ದಳು.

ಕರೆಯುವುದಕ್ಕೆ ದೊಡ್ಡವ್ವ, ಸಂಬಂಧ ಏನೂ ಇಲ್ಲ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಮೋಟು ಗೋಡೆ, ಅಷ್ಟೇ. ನಾನು ರಾಯಚೂರು ಕಡೆಯಿಂದ ಗಡಿ ದಾಟಿ ಮಖ್ತಲ್ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ನನಗೆ ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಮನೆಯೊಳಗೆ ಕನ್ನಡ, ಬಸ್ಸಿನಲ್ಲಿ, ದವಾಖಾನೆಯಲ್ಲಿ, ಕಚೇರಿಯಲ್ಲಿ ತೆಲುಗು. ಹೀಗಾಗಿ ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಮುಚ್ಚಿಕೊಂಡಿರುವುದು ನನ್ನ ಸ್ವಭಾವವಲ್ಲ, ಬೇಕಾದರೆ ನನ್ನ ಗಂಡನನ್ನು ಕೇಳಿ. ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ದೊಡ್ಡವ್ವನ ಕೂಗು ಬಂತು: “ಏ ಹುಡುಗಿ, ತೆಲುಗು ಕಲಿಬೇಕಂದ್ರ ನನ್ನ ಕೂಡ ಬಾ. ಬಸ್ಸಿನ ಸಲುವಾಗಿ ಮಖ್ತಲ್‌ದಾಗ ಕುಂದ್ರೂದೈತಿ.”

ಹೋದೆ. ನಾನು ಆಡಿದ ಮೊದಲ ತೆಲುಗು ಮಾತು “ಮಾಕು ಬಸ್ಸು ಕಾವಾಲಿ”, ನಮಗೆ ಬಸ್ಸು ಬೇಕು ಅಂತ. ಕೂಗುವುದು ತೆಲುಗಿನಲ್ಲಿ, ನಡುನಡುವೆ ಬೈಯುವುದು ಕನ್ನಡದಲ್ಲಿ. ಸಾಹೇಬರಿಗೆ ತಿಳಿಯಬೇಕಾದ್ದು ತಿಳಿಯುತ್ತಿತ್ತು, ತಿಳಿಯಬಾರದ್ದು ನಮ್ಮೊಳಗೇ ಉಳಿಯುತ್ತಿತ್ತು. ಮಧ್ಯಾಹ್ನ ಕಚೇರಿಯ ಜವಾನ ಕೆಟಲಿಯಲ್ಲಿ ಚಹಾ ತಂದ, ಸಾಹೇಬರು ಕಳಿಸಿದ್ದಾರೆ ಅಂತ. ಬಿಸಿಲಿಗೆ ಗಂಟಲು ಒಣಗಿತ್ತು, ನಾನು ಕೈ ಚಾಚಿದೆ. ದೊಡ್ಡವ್ವ ಫಟ್ ಅಂತ ಕೈ ಮೇಲೆ ಹೊಡೆದಳು.

“ಯಾರ ಮುಂದ ಕುಂತೀವಿ ಅವರ ಚಾ ಕುಡಿಬಾರದು. ಚಾ ಒಳಗ ಹೋತಂದ್ರ ಬಾಯಿ ಮೆತ್ತಗಾಗ್ತೈತಿ.”

ಆಮೇಲೆ ಜವಾನನ ಕಡೆ ತಿರುಗಿ, ಬೆಲ್ಲದಂಥ ತೆಲುಗಿನಲ್ಲಿ, ಬಸ್ಸು ಬಂದ ಮೇಲೆ ಕುಡಿಯುತ್ತೇವೆ ಅಂತ ಸಾಹೇಬರಿಗೆ ಹೇಳಪ್ಪ ಎಂದಳು. ಸುಮ್ಮನೆ ಹೇಳಿದ್ದಲ್ಲ. ನಮ್ಮೂರಿಗೆ ಬಸ್ಸು ಬಂದ ಮೊದಲ ದಿನ ಅದೇ ಬಸ್ಸು ಹತ್ತಿಸಿಕೊಂಡು ನಮ್ಮನ್ನು ಆ ಕಚೇರಿಗೆ ಕರೆದೊಯ್ದು, “ಈಗ ಕೊಡ್ರಿ ಚಾ” ಅಂತ ಕೇಳಿ ಕುಡಿಸಿದಳು. ಸಾಹೇಬರು ಸಕ್ಕರೆ ಹೆಚ್ಚು ಹಾಕಿಸಿದ್ದರು.

ಅವಳು ಕೂರಲು ಕಲಿತದ್ದು ಜೂರಾಲ ಅಣೆಕಟ್ಟಿನ ಹಿನ್ನೀರು ಬಂದಾಗ. ನಮ್ಮೂರು ಹೊಳೆಯ ಬದಿ ಬಿಟ್ಟು ಮೇಲಕ್ಕೆ ಬಂದದ್ದು ಆಗಲೇ. ಊರಿನ ಅರ್ಧ ಗಂಡಸರು ಪುಣೆಗೆ ಕಟ್ಟಡದ ಕೆಲಸಕ್ಕೆ ಹೋದರು, ಅವರಲ್ಲಿ ಅವಳ ಗಂಡನೂ ಒಬ್ಬ. ಹೊಸ ಜಾಗದಲ್ಲಿ ಬಾವಿ ಇರಲಿಲ್ಲ. ಉಳಿದ ಹೆಂಗಸರನ್ನು ಕಟ್ಟಿಕೊಂಡು ಇವಳು ಗದ್ವಾಲಕ್ಕೆ ಹೋಗಿ ಕುಳಿತಳು. ಬಾವಿ ಆಯಿತು. ಮೊದಲ ಕೊಡ ಸೇದಿದವಳೂ ಅವಳೇ ಅಂತೆ. “ಅವತ್ತ ಗೊತ್ತಾತು ನೋಡು, ಕುಂತ್ರ ಬರ್ತೈತಿ ಅಂತ.” ಅಲ್ಲಿಂದ ಆಚೆಗೆ ಅವಳು ಏಳಲೇ ಇಲ್ಲ ಅನ್ನಬಹುದು. ಕೆಂಪು ಬಾವುಟದವರ ಪಕ್ಕದಲ್ಲಿ ಕುಳಿತಳು, ಹಸಿರು ಶಾಲಿನವರ ಪಕ್ಕದಲ್ಲಿ ಕುಳಿತಳು. ತೆಲಂಗಾಣ ಬೇಕೆಂದು ಮಂದಿ ನಡುರಸ್ತೆಯಲ್ಲಿ ಒಲೆ ಹೂಡಿ ಅಡುಗೆ ಮಾಡಿದಾಗ ಸಾರು ಅವಳದೇ. ನಮ್ಮ ಕನ್ನಡ ಶಾಲೆಗೆ ಮೇಷ್ಟರು ಬೇಕು ಅಂತ ಕುಳಿತಾಗ ಮಾತ್ರ ಘೋಷಣೆಯೂ ಕನ್ನಡದಲ್ಲೇ ಇತ್ತು. ಬೈಗುಳವನ್ನು ಆವತ್ತು ತೆಲುಗಿಗೆ ಬದಲಾಯಿಸಿಕೊಂಡೆವು. ಎಲ್ಲಿಗೆ ಹೋದರೂ ಕಂಕುಳಲ್ಲಿ ನೀಲಿ ಪಟ್ಟೆಯ ಒಂದು ಹಳೆಯ ಜಮಖಾನೆ. ಹಾಸುವ ಮೊದಲು ಅದನ್ನು ಎರಡು ಸಲ ಜೋರಾಗಿ ಝಾಡಿಸುತ್ತಿದ್ದಳು. ಆ ಸದ್ದು ಕೇಳಿದರೆ ಒಳಗಿದ್ದವರಿಗೆ ಎದೆ ಧಸಕ್ ಅನ್ನುತ್ತಿತ್ತು.

ಸರಪಂಚರ ಚುನಾವಣೆ ಬಂದರೆ ಎಲ್ಲರೂ ಅವಳ ಬಾಯಿ ನೋಡುವವರೇ. ಅವಳು ಯಾರ ಹಿಂದೆಯೂ ಮೆರವಣಿಗೆಯಲ್ಲಿ ಹೋದವಳಲ್ಲ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತು, ಹತ್ತು ಮಂದಿಯ ಮುಂದೆ, ತನ್ನ ಓಟು ಇಂಥವರಿಗೆ ಎಂದು ಹೆಸರು ಹೇಳಿಬಿಡುತ್ತಿದ್ದಳು. ಯಾಕೆ ಅಂತ ಕೇಳಿದರೆ ಯಾವಾಗಲೂ ಒಂದೇ ಉತ್ತರ: “ಅವರ ಮನಿ ಮುಂದ ನೆಳ್ಳ ಛಲೋ ಐತಿ.” ಮಂದಿ ನಗುತ್ತಿದ್ದರು. ನಕ್ಕರೂ ನಮ್ಮ ಓಣಿಯ ಓಟು ಅವಳು ಹೇಳಿದ ಕಡೆಗೇ ಬೀಳುತ್ತಿತ್ತು. ಗೆದ್ದವನು ಇನ್ನೂ ಖುರ್ಚಿಯ ಮೇಲೆ ಸರಿಯಾಗಿ ಕುಳಿತಿರುವುದಿಲ್ಲ, ಇವಳು ಅವನ ಮನೆ ಮುಂದಿನ ನೆರಳಲ್ಲಿ ಜಮಖಾನೆ ಝಾಡಿಸುತ್ತಿರುತ್ತಿದ್ದಳು. ಹೀಗೇ ಒಬ್ಬ ಸರಪಂಚ ಹಲ್ಲುಜ್ಜುತ್ತ ಹೊರಗೆ ಬಂದವನು ಬ್ರಷ್ ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟ.

“ಏನ್ ದೊಡ್ಡವ್ವ ಇದು? ನೀನ ಗೆಲ್ಲಿಸಿ ನೀನ ಬಂದು ಕುಂದ್ರತೀಯಲ್ಲ!”

“ಗೆಲ್ಲಿಸೀನಿ ಅಂತನ ಬಂದೀನಪಾ. ಓಟು ಹಾಕದವ್ರು ಯಾವ ಬಾಯಿಲೆ ಕೇಳ್ಯಾರು?”

ಅವನು ನಕ್ಕ. ನಗುತ್ತಲೇ ನಮ್ಮ ಓಣಿಗೆ ಚರಂಡಿ ಮಾಡಿಸಿಕೊಟ್ಟ.

ಆಮೇಲೆ ಒಂದು ಸಲ ಸರಪಂಚ ಸ್ಥಾನ ಹೆಂಗಸರಿಗೆ ಬಂತು. ಆ ಹೊತ್ತಿಗೆ ನಾನು ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಊರಿನ ಅರ್ಧ ಕುಪ್ಪಸ ಹೊಲಿಯುತ್ತಿದ್ದೆ. ತೆಲುಗಿನಲ್ಲಿ ಜಗಳವಾಡುವಷ್ಟು ಪಳಗಿದ್ದೆ. ಕುಪ್ಪಸದ ಅಳತೆ ಕೊಡಲು ಬಂದವರೆಲ್ಲ ನಿಲ್ಲವಾ ನಿಲ್ಲವಾ ಅಂದರು, ನಿಂತೆ. ನನಗೆ ಉಂಗುರದ ಗುರುತು ಸಿಕ್ಕಿತು. ದೊಡ್ಡವ್ವನನ್ನು ನಾನು ಓಟು ಕೇಳಲೇ ಇಲ್ಲ. ನನ್ನ ಮಗಳು ಹುಟ್ಟಿದಾಗ ದವಾಖಾನೆಯಲ್ಲಿ ನನ್ನ ಕೈ ಹಿಡಿದು ಕುಳಿತವಳು ಅವಳು. ಅವಳ ಕಣ್ಣಿನ ಆಪರೇಷನ್ ಆದಾಗ ಹೊತ್ತುಹೊತ್ತಿಗೆ ಔಷಧ ಹಾಕಿದವಳು ನಾನು. ದಿನಾ ಸಂಜೆ ಗೋಡೆಯ ಮೇಲಿಂದ ನನ್ನ ಸಾರು ಆಚೆಗೆ, ಅವಳ ಶೇಂಗಾ ಚಟ್ನಿ ಈಚೆಗೆ. ಊಟಕ್ಕೆ ಹಾಕು ಅಂತ ಅವ್ವನಿಗೆ ಯಾರಾದರೂ ಅರ್ಜಿ ಕೊಡುತ್ತಾರೇನು?

ನನ್ನ ಎದುರಿಗೆ ನಿಂತವಳು ಕಿರಾಣಿ ಅಂಗಡಿಯಾಕೆ. ಅವಳಿಗೂ ದೊಡ್ಡವ್ವನಿಗೂ ಚರಂಡಿ ಮಾಡಿಸುವಾಗ ಜಗಳವಾದಾಗಿನಿಂದ ಮಾತಿರಲಿಲ್ಲ. ನಾನು ನಿಶ್ಚಿಂತೆಯಿಂದ ಗುಡಿಯ ಹತ್ತಿರ ಉಂಗುರದ ಗುರುತಿನ ಕಾಗದ ಹಂಚುತ್ತಿದ್ದಾಗಲೇ ಯಾರೋ ಕೇಳಿದರು: “ಈ ಸಲ ಯಾರಿಗ್ರೀ ಅವ್ವಾ? ಕೇಳೂದ ಬ್ಯಾಡೇನೋ!”

“ಅಂಗಡಿಯಾಕಿಗೆ,” ಎಂದಳು ದೊಡ್ಡವ್ವ. “ಆಕಿ ಮನಿ ಮುಂದ ದೊಡ್ಡ ಬೇವಿನ ಗಿಡ ಐತಿ.”

ಮಂದಿ ಘೊಳ್ಳೆಂದು ನಕ್ಕರು. ನಮ್ಮ ಮನೆ ಮುಂದೆ ಒಂದು ಜಾಲಿ ಗಿಡವೂ ಇಲ್ಲ. ಅವಳು ನನ್ನ ಕಡೆ ನೋಡಲಿಲ್ಲ. ಉಳಿದ ಕಾಗದಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದುಬಿಟ್ಟೆ. ಪರರು ಕೈ ಬಿಟ್ಟರೆ ಬೈದು ಸಮಾಧಾನ ಮಾಡಿಕೊಳ್ಳಬಹುದು; ಇವಳನ್ನು ಏನಂತ ಬೈಯಲಿ? ಅವತ್ತು ಸಂಜೆ ಗೋಡೆಯ ಮೇಲೆ ಸಾರು ಇಡಲಿಲ್ಲ, ಮರುದಿನವೂ ಇಡಲಿಲ್ಲ. ಚಟ್ನಿಯ ಬಟ್ಟಲು ಮಾತ್ರ ಆ ಕಡೆಯಿಂದ ಬಂದು ಕುಳಿತಿರುತ್ತಿತ್ತು. ನಾನು ಮುಟ್ಟಲಿಲ್ಲ, ಇರುವೆ ತಿಂದವು. ಇದಕ್ಕೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ಚುನಾವಣೆ ಆಯಿತು, ಸೋತೆ. ಓಟು ಎಣಿಸಿದಾಗ ಗೊತ್ತಾಯಿತು, ನಮ್ಮ ಓಣಿಯೊಂದು ನನ್ನ ಕಡೆಗಿದ್ದರೆ ಗೆಲ್ಲುತ್ತಿದ್ದೆ.

ಅಂಗಡಿಯಾಕೆಯ ಕೊರಳಿನ ಹಾರ ಇನ್ನೂ ಬಾಡಿರಲಿಲ್ಲ. ದೊಡ್ಡವ್ವ ಕಂಕುಳಲ್ಲಿ ಜಮಖಾನೆ ಇಟ್ಟುಕೊಂಡು ನನ್ನ ಬಾಗಿಲಿಗೆ ಬಂದಳು.

“ಏಳ ಮಗಳ, ಹೊಸ ಸರಪಂಚಳ ಮನಿಗೆ ಹೋಗೂನು. ಓಣಿಗೆ ನೀರಿನ ಪೈಪ್ ಹಾಕ್ಸೂದೈತಿ.”

ನನ್ನ ತಲೆ ಕೆಟ್ಟಿತು. ಮಷೀನು ಬಿಟ್ಟು ಎದ್ದೆ. “ಜರಾನಾದ್ರೂ ನಾಚಿಕಿ ಐತೇನು ದೊಡ್ಡವ್ವ ನಿನಗ? ಆಕೀನ ಗೆಲ್ಲಿಸಿದಾಕಿ ನೀನು, ಬೇಕಾದ್ರ ನೀನ ಹೋಗಿ ಕುಂದ್ರು. ನಾ ನಿನಗ ಏನ್ ಕಡಿಮಿ ಮಾಡಿದ್ದೆ, ಅದನ್ನರ ಹೇಳು!”

ಅವಳು ಹೊಸ್ತಿಲ ಮೇಲೆ ಕುಳಿತಳು. ಕಾಲಿನ ಜಡ್ಡನ್ನು ಹೆಬ್ಬೆರಳಿನಿಂದ ಒತ್ತಿಕೊಂಡಳು.

“ಏನೂ ಕಡಿಮಿ ಮಾಡಿಲ್ಲ. ಅದ ನೋಡು ತೊಂದ್ರಿ. ನೀ ಗೆದ್ದಿದ್ರ ನಿನ್ನ ಮನಿ ಮುಂದ ನಾ ಹೆಂಗ ಕುಂದ್ರಲಿ? ಈ ಮನಿ ಸಾರು ಉಂಡೀನಿ. ನಿನ್ನ ಚಾ ಬ್ಯಾಡ ಅನ್ನಾಕ ನನಗ ಬರಂಗಿಲ್ಲ. ನೀ ‘ನಾಳಿ ಮಾಡ್ತೀನಿ ಹೋಗು ದೊಡ್ಡವ್ವ’ ಅಂದ್ರ, ‘ಆತು ಮಗಳ’ ಅಂತ ಎದ್ದು ಬಂದುಬಿಡ್ತಿದ್ದೆ. ಓಣಿ ಮಂದಿ ಬಾಯಿ ಒಣಗಿಸ್ಕೊಂಡು ಕುಂದ್ರತಿದ್ರು.”

“ಅಂದ್ರ ನಂದು ಸಾರಿಗಷ್ಟ. ಓಟು ಆಕಿಗೆ.”

“ಹೌದವಾ. ಓಟು ಆಕಿಗೆ ಹಾಕೀನಿ, ಜೀವ ನಿನ್ನ ಮ್ಯಾಲ ಐತಿ. ಎರಡೂ ಒಂದ ಕಡಿ ಇಡಬಾರದು, ಕೆಟ್ಟುಹೋಗ್ತಾವ.”

ಅವಳ ಕಣ್ಣಲ್ಲಿ ನೀರಿತ್ತು. ಅಷ್ಟು ವರ್ಷಗಳಲ್ಲಿ, ಪೊಲೀಸರು ರಸ್ತೆಯಿಂದ ಎತ್ತಿ ಜೀಪಿಗೆ ಹಾಕಿದಾಗಲೂ ನಾನು ಅದನ್ನು ನೋಡಿರಲಿಲ್ಲ. ನಾನೂ ಅತ್ತೆ. ಅಳುತ್ತಲೇ ಬೈದೆ. ಅವಳ ನ್ಯಾಯ ನನಗೆ ಪೂರ್ತಿ ಒಪ್ಪಿಗೆಯಾಗಿತ್ತು ಅಂತಲ್ಲ. ಕೆಲಸ ಮಾಡುವವಳಿಗೆ ಓಟು ಹಾಕಬೇಕೋ, ಕೇಳಲು ಅನುಕೂಲ ಇರುವವಳಿಗೆ ಹಾಕಬೇಕೋ ಎಂದು ನಾನು ಆಮೇಲೂ ಅವಳ ಜೊತೆ ಎಷ್ಟೋ ಸಲ ವಾದ ಮಾಡಿದ್ದೇನೆ. ಆದರೂ ಅವತ್ತು ಮುಖ ತೊಳೆದುಕೊಂಡು ಹೋದೆ. ಬೇವಿನ ನೆರಳು ನಿಜಕ್ಕೂ ತಂಪಾಗಿತ್ತು. ಅಂಗಡಿಯಾಕೆ ಗಾಬರಿಯಾಗಿ ಚಹಾ ಕಳಿಸಿದಳು. “ಬ್ಯಾಡ್ರೀ, ಪೈಪ್ ಬಂದ ಮ್ಯಾಲ ಕುಡಿತೀವಿ” ಅಂತ ಕಪ್ಪುಗಳನ್ನು ವಾಪಸು ಕಳಿಸಿದವಳು ನಾನೇ. ಸೋತ ಸಂಕಟ ಅರ್ಧ ಅಲ್ಲೇ ಇಳಿಯಿತು ಅಂತ ಹೇಳಿದರೆ ನಗಬೇಡಿ.

ಯುಗಾದಿಯೊಳಗೆ ಪೈಪು ಬಂತು. ಅಂಗಡಿಯಾಕೆಗೆ ಬುದ್ಧಿ ಇತ್ತು. ಮೊದಮೊದಲು ನಮ್ಮನ್ನು ಕಂಡರೆ ಮುಖ ಹುಳ್ಳಗೆ ಮಾಡುತ್ತಿದ್ದವಳು ಬರಬರುತ್ತ, “ದೊಡ್ಡವ್ವ, ನೀ ಬಂದು ಕುಂದ್ರೂಕಿಂತ ಮೊದ್ಲ ಹೇಳಿಬಿಡವಾ, ಏನಾಗಬೇಕು?” ಅಂತ ತಾನೇ ಓಣಿಗೆ ಬರತೊಡಗಿದಳು. ಅವರಿಬ್ಬರೂ ಮಾತು ಬಿಟ್ಟಿದ್ದರು ಅನ್ನುವುದೇ ಊರಿಗೆ ಮರೆತುಹೋಯಿತು. ಗೋಡೆಯ ಮೇಲೆ ನನ್ನ ಸಾರೂ ಮತ್ತೆ ಹೋಗತೊಡಗಿತು.

ಅಂಗಡಿಯಾಕೆಯ ಅವಧಿ ಮುಗಿದ ಮೇಲೆ ಚುನಾವಣೆ ಬಹಳ ದಿನ ಆಗಲಿಲ್ಲ. ಊರಿಗೆ ಸರಪಂಚರೇ ಇಲ್ಲ, ಎಲ್ಲ ಅಧಿಕಾರಿಯ ಕೈಯಲ್ಲಿ. ದೊಡ್ಡವ್ವ ಪರೇಶಾನಾದಳು. “ಯಾರ ಮನಿ ಮುಂದ ಕುಂದ್ರಬೇಕ ಈಗ? ಯಾರಿಗೂ ಓಟನ ಹಾಕಿಲ್ಲಲ್ಲ!” ಆ ದಿನಗಳಲ್ಲೇ ಹಾಸಿಗೆ ಹಿಡಿದಳು. ಕಾಲು ಊದಿಕೊಂಡವು. ಕೂರುವುದು ತಪ್ಪಿ ಮಲಗಿದ್ದೇ ಹೆಚ್ಚಾಗಿ, ಆ ಕರಿಯ ಜಡ್ಡು ಮೆತ್ತಗಾಗಿ ಸಿಪ್ಪೆ ಬಿಟ್ಟುಕೊಂಡು, ಕೆಳಗೆ ಎಳೆ ಮಗುವಿನಂಥ ಕೆಂಪು ಚರ್ಮ ಬಂತು. ಎಣ್ಣೆ ಹಚ್ಚುವಾಗ ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಹಿತ್ತಲಿಗೆ ಹೋಗಿ ಅತ್ತುಬಂದೆ.

ಒಂದು ದಿನ ಅಂಗಡಿಯಾಕೆ ನೋಡಲು ಬಂದಿದ್ದಾಗ ದೊಡ್ಡವ್ವ ಗೂಟದ ಕಡೆ ಕೈ ತೋರಿಸಿ, ಅಲ್ಲಿದ್ದ ಜಮಖಾನೆ ಅವಳಿಗೆ ಕೊಡು ಎಂದಳು. ನಾನು ಕೈಯಾರೆ ತೆಗೆದು ಕೊಡಬೇಕಾಯಿತು. ಅಂಗಡಿಯಾಕೆ ಹೋದ ಮೇಲೆ ಕೇಳಿಯೇಬಿಟ್ಟೆ: “ಓಟು ಆಕಿಗೆ, ಜಮಖಾನಿನೂ ಆಕಿಗೇನ? ಇಷ್ಟು ವರ್ಷ ನಿನ್ನ ಕೂಡ ಅದರ ಮ್ಯಾಲ ಕುಂತಾಕಿ ನಾನು.”

ಕಣ್ಣು ಮುಚ್ಚಿಕೊಂಡೇ ನಕ್ಕಳು. “ನಿನಗ ಅದರ ಕೆಲಸ ಬೀಳಂಗಿಲ್ಲ ಬಿಡು.”

ಶ್ರಾವಣದಲ್ಲಿ ಹೋದಳು. ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಚಕ್ಕಳಮಕ್ಕಳ ಹಾಕಿ, ವಿಭೂತಿ ಹಚ್ಚಿ, ಗುಣಿಯೊಳಗೆ ಅವಳನ್ನು ಕೂರಿಸಿದಾಗ, ಹಿಂದೊಮ್ಮೆ ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಿಂತಿದ್ದನಲ್ಲ, ಆ ಹಳೆಯ ಸರಪಂಚ ಕಣ್ಣೊರೆಸಿಕೊಳ್ಳುತ್ತ, “ಶಿವನ ಮುಂದ ಹೋಗಿ ಕುಂತ್ಲು ನೋಡ್ರೀ. ಇನ್ನ ಅವನ ಪಾಡು ಅವನಿಗೇ ಗೊತ್ತು” ಎಂದ. ಅಳುತ್ತಿದ್ದವರೆಲ್ಲ ನಕ್ಕರು, ನಗುತ್ತಲೇ ಒಂದೊಂದು ಹಿಡಿ ಮಣ್ಣು ಹಾಕಿದೆವು.

ಕಡೆಗೂ ಚುನಾವಣೆ ಬಂತು. ನಿಂತೆ. ಈ ಸಲ ಗೆದ್ದೆ. ಅಂಗಡಿಯಾಕೆ ತನ್ನ ಓಟು ನನಗೆ ಅಂತ ಗುಡಿ ಕಟ್ಟೆಯ ಮೇಲೆ ಎಲ್ಲರ ಮುಂದೆ ಹೇಳಿದ್ದಳು. ಹಾರ ತುರಾಯಿ ಎಲ್ಲ ಆಯಿತು. ಸಂತೋಷವೂ ಆಯಿತು, ಆದರೆ ಆ ಮೋಟು ಗೋಡೆ ನೋಡಿದಾಗ ಒಂದು ಮುಳ್ಳು ಚುಚ್ಚುತ್ತಲೇ ಇತ್ತು: ಊರೆಲ್ಲ ನನಗೆ ಓಟು ಹಾಕಿತು, ಅವಳು ಮಾತ್ರ ಬದುಕಿರುವವರೆಗೂ ಹಾಕಲಿಲ್ಲ.

ಹಾಗೆ ಅಂದುಕೊಂಡು ವಾರ ಕಳೆದಿರಲಿಲ್ಲ. ಕೆಳಗಿನ ಓಣಿಯ ಬೋರಿನ ಮೋಟರು ಸುಟ್ಟುಹೋಯಿತು. ನಾಳೆ ನೋಡೋಣ, ನಾಡಿದ್ದು ನೋಡೋಣ ಅಂತ ನಾನು ಮದುವೆಗೆ ಕೊಡಬೇಕಾದ ಕುಪ್ಪಸ ಹೊಲಿಯುತ್ತ ಕುಳಿತಿದ್ದೆ. ಹೊರಗೆ ಝಾಡಿಸಿದ ಸದ್ದು ಬಂತು, ಜೋರಾಗಿ, ಎರಡು ಸಲ. ನನ್ನ ಎದೆ ಧಸಕ್ ಅಂತು. ಬಾಗಿಲಿಗೆ ಬಂದು ನೋಡಿದರೆ ನೀಲಿ ಪಟ್ಟೆಯ ಜಮಖಾನೆ, ಅದರ ಮೇಲೆ ಖಾಲಿ ಕೊಡ ಇಟ್ಟುಕೊಂಡು ಕೆಳಗಿನ ಓಣಿಯ ಹೆಂಗಸರು, ನಡುವೆ ಅಂಗಡಿಯಾಕೆ.

“ನಿಮ್ಮ ಮನಿ ಮುಂದ ನೆಳ್ಳ ಇಲ್ಲಲ್ರೀ,” ಎಂದಳು ಸೆರಗು ತಲೆಗೆ ಎಳೆದುಕೊಳ್ಳುತ್ತ. “ಇದಕ್ಕೂ ಒಂದು ದಿನ ಬಂದು ಕುಂದ್ರಬೇಕು.”

ನಾನು ಒಳಗೆ ಓಡಿ ಚಹಾಕ್ಕೆ ಇಟ್ಟೆ. ಶುಂಠಿ ಜಜ್ಜಿ ಹಾಕಿದೆ. ತಟ್ಟೆಯಲ್ಲಿ ಕಪ್ಪು ಜೋಡಿಸಿಕೊಂಡು ಹೊರಗೆ ತಂದೆ. ಅಂಗಡಿಯಾಕೆ ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು, ತಲೆ ಅಲ್ಲಾಡಿಸಿದಳು.

“ಬ್ಯಾಡ್ರೀ. ನೀರು ಬಂದ ಮ್ಯಾಲ ಕುಡಿತೀವಿ.”

ತಟ್ಟೆ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತೆ. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ‘ನಿನಗ ಅದರ ಕೆಲಸ ಬೀಳಂಗಿಲ್ಲ’ ಅಂತ ಹಾಸಿಗೆಯಲ್ಲಿ ನಕ್ಕದ್ದು ಯಾಕೆಂದು ಆಗ ತಿಳಿಯಿತು. ದೊಡ್ಡವ್ವ ನನಗೆ ಓಟು ಹಾಕಿದ್ದು ಅವತ್ತು.