ಸೀಳಿನ ತುಂಬ ಕೂರುವ ಮೊನೆ

ಬಂದೂಕು ರಿಪೇರಿಯಲ್ಲಿ ಆತ ಎತ್ತಿದ ಕೈ. ಆದರೂ ಬೀದಿಯವರು ಇಟ್ಟ ಹೆಸರು ನಿಧಾನಪ್ಪ. ಆತ ಒಂದು ಸ್ಕ್ರೂ ಬಿಚ್ಚುವಷ್ಟರಲ್ಲಿ ಎದುರಂಗಡಿಯ ಕ್ಷೌರಿಕ ಮೂರು ತಲೆ ಮುಗಿಸುತ್ತಿದ್ದ. ಗೋಡೆಗೆ ನಲವತ್ತು ಸ್ಕ್ರೂಡ್ರೈವರ್ ತೂಗುಹಾಕಿದ್ದ. ಒಂದೊಂದರ ಮೊನೆಯನ್ನೂ ತಾನೇ ಅರದಿಂದ ಉಜ್ಜಿ ಹೊಂದಿಸಿದ್ದು. ಮೊನೆ ಸ್ಕ್ರೂವಿನ ಸೀಳಿನ ತುಂಬ ಕೂರಬೇಕು. ಅಲ್ಲಾಡಿತೋ, ಜಾರಿ ಸೀಳನ್ನೇ ಕೆಡಿಸುತ್ತದೆ. ಆಮೇಲೆ ಬಂದೂಕಿನ ಕಬ್ಬಿಣ ಬಿಡಿಸಬೇಕೆಂದರೆ ಅದರ ಮರದ ಹಿಡಿ ಒಡೆಯದೆ ಗತಿಯಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಅವನ ಮಾತು ಕೇಳಿ ಕೇಳಿ ಗಿರಾಕಿಗಳಿಗೆ ಸಾಕಾಗಿತ್ತೇ ಹೊರತು ಹೇಳಿ ಹೇಳಿ ಅವನಿಗಲ್ಲ.

ಒಂದು ವರ್ಷದಿಂದ ಅವನ ಬಲಗೈ ನಡುಗುತ್ತಿತ್ತು. ಹೆಂಡತಿಗೂ ಗೊತ್ತಿಲ್ಲ ಎಂದು ನಂಬಿದ್ದ. ಟೀ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಡುತ್ತಿದ್ದವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಒಂದು ಬೆಳಿಗ್ಗೆ, ಈಚೆಗೆ ತೀರಿಹೋದ ಒಬ್ಬ ತೋಟದ ಕಾವಲುಗಾರನ ಹೆಂಡತಿ ಗಂಡನ ರೈಫಲ್ ತಂದು ಮೇಜಿನ ಮೇಲಿಟ್ಟಳು.

“ಮಧ್ಯಾಹ್ನ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸ್ಬೇಕು ಅಣ್ಣ, ಲೈಸೆನ್ಸ್ ಯಜಮಾನರ ಹೆಸರಲ್ಲಿತ್ತಲ್ವಾ. ಕಬ್ಬಿಣ ಅವರಿಗಿರಲಿ, ಮರ ಇಟ್ಕೋಬಹುದು ಅಂದಿದಾರೆ. ಬಿಚ್ಚಿಕೊಡಿ.”

ಮರದ ಒಂದು ಮಗ್ಗುಲು ಮೂವತ್ತು ವರ್ಷ ಗುರಿಯಿಡುವಾಗ ಗಂಡನ ಕೆನ್ನೆ ತಾಗಿ ನುಣುಪಾಗಿ, ಕೊಂಚ ತಗ್ಗಾಗಿತ್ತು. ಫೋಟೊ ಎಂದರೆ ಎದ್ದು ಹೋಗುತ್ತಿದ್ದ ಮನುಷ್ಯ. ಆಕೆಗೆ ಅವನ ಮುಖದ ಗುರುತೆಂದು ಉಳಿದದ್ದು ಅಷ್ಟೇ.

ನಿಧಾನಪ್ಪ ರೈಫಲ್ ಖಾಲಿಯಿದೆಯೇ ಎಂದು ಎರಡು ಸಲ ನೋಡಿ ಮಗುಚಿಟ್ಟ. ಅಡಿಯಲ್ಲಿ ಎರಡು ಸ್ಕ್ರೂ. ಮುಂದಿನದು ಸಲೀಸಾಗಿ ಬಂತು. ಹಿಂದಿನದಕ್ಕೆ ತುಕ್ಕು, ಸಾಲದ್ದಕ್ಕೆ ಸೀಳೂ ಅರ್ಧ ಕೆಟ್ಟಿತ್ತು.

“ಯಾರು ಇದಕ್ಕೆ ಕೈ ಹಾಕಿದ್ದು?”

“ಅವರೇ. ಅಡುಗೆಮನೆ ಚಾಕು ತಗೊಂಡು.”

“ಬದುಕಿದ್ದಿದ್ರೆ ನಾಲ್ಕು ಮಾತು ಆಡ್ತಿದ್ದೆ.”

“ನಾನು ಆವತ್ತೇ ಆಡಿದೀನಿ. ಚಾಕು ನಂದಲ್ವಾ.”

ನಲವತ್ತರಲ್ಲಿ ಒಂದೂ ಆ ಸೀಳಿಗೆ ಕೂರಲಿಲ್ಲ. ತುಕ್ಕಿಗೆ ಎಣ್ಣೆ ಬಿಟ್ಟು, ಇದ್ದುದರಲ್ಲಿ ಹತ್ತಿರದ್ದನ್ನು ಆರಿಸಿ ಉಜ್ಜಲು ಕುಳಿತ. ಉಜ್ಜುವುದು, ಇಟ್ಟು ನೋಡುವುದು, ಮತ್ತೆ ಉಜ್ಜುವುದು. ಹನ್ನೊಂದು ಗಂಟೆಗೆ ಮೊನೆ ಬಿಗಿಯಾಗಿ ಕೂತಿತು.

ಆದರೆ ಒತ್ತಿ ತಿರುಗಿಸಲು ಹೋದೊಡನೆ ಕೈ ನಡುಗಿ, ಮೊನೆ ಕೂದಲೆಳೆಯಷ್ಟು ಮೇಲೆದ್ದಿತು. ನಿಲ್ಲಿಸಿದ. ಇನ್ನೊಮ್ಮೆ ಹಿಡಿದ, ಮತ್ತೂ ಹಾಗೆಯೇ. ಇಷ್ಟು ವರ್ಷ ಗಳಿಸಿದ ಹೆಸರು ಒಂದು ಕಡೆ, ಆ ನುಣುಪು ಮರ ಇನ್ನೊಂದು ಕಡೆ. ಹೆಸರು ಅವನಿಗೆ ತೀರಾ ಹಗುರವಾಗಿ ಕಂಡಿತು.

“ತಂಗಿ, ನನ್ನ ಕೈ ನಡುಗತ್ತಮ್ಮ,” ಎಂದ. ಬಾಯಿಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು. “ನೀನು ತಿರುಗಿಸು. ನಾನು ಮೇಲಿಂದ ಒತ್ತಿ ಹಿಡೀತೀನಿ.”

 ಆಕೆ ಅಂಗೈ ಒರೆಸಿಕೊಂಡು ಸ್ಕ್ರೂಡ್ರೈವರ್ ಹಿಡಿದಳು. ಅವನು ತನ್ನ ಎರಡೂ ಕೈಗಳನ್ನು ಆಕೆಯ ಕೈ ಮೇಲಿಟ್ಟು ಭಾರ ಹಾಕಿದ. ಆ ಗಟ್ಟಿ ಕೈ ಮೇಲೆ ಅವನ ನಡುಕ ನಿಂತಿತು. ಕರಕ್ಕೆಂದು ಸದ್ದಾಗಿ ಸ್ಕ್ರೂ ಸಡಿಲಿತು.

ಮರ ಒಂದು ಗೀರೂ ಇಲ್ಲದೆ ಬೇರೆಯಾಯಿತು. ಆಕೆ ಅದನ್ನೆತ್ತಿ, ತಗ್ಗಾಗಿದ್ದಲ್ಲಿ ತನ್ನ ಕೆನ್ನೆ ಇಟ್ಟಳು. ಸ್ವಲ್ಪ ಸರಿಸಿ ಇಟ್ಟು ನೋಡಿದಳು.

“ಅವರ ಮುಖ ದೊಡ್ಡದು ಅಣ್ಣ. ನಂದು ಇದರಲ್ಲಿ ಕೂರಲ್ಲ,” ಎಂದಳು.

ಆದರೂ ಕೆನ್ನೆ ತೆಗೆಯಲಿಲ್ಲ. ಸ್ಟೇಷನ್ನಿನವರು ಕಾದರೆ ಕಾಯಲಿ ಎಂದು ನಿಧಾನಪ್ಪ ಬಿಚ್ಚಿದ ಸ್ಕ್ರೂವಿನ ತುಕ್ಕು ಒರೆಸುತ್ತ ಕುಳಿತ.