ಹುಲ್ಲಲ್ಲದ ಎಲೆ

ನಮ್ಮ ಸಸ್ಯಶಾಸ್ತ್ರದ ಮೇಡಂ ಅವರ ಮೂಗಿನ ಕೆಳಗೆ ನೀಲಗಿರಿ ಎಣ್ಣೆ ಹೊಳೆಯುತ್ತಿದ್ದರೆ, ಅಂದು ಅವರು ಹರಿಹರದ ಹೊಳೆದಂಡೆಗೆ ಹೊರಟಿದ್ದಾರೆಂದೇ ಅರ್ಥ. ವಿನೋಬನಗರದ ಅವರ ಮನೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಆಟೊದಲ್ಲಿ ಆ ಘಾಟು ನನ್ನ ಪಕ್ಕದಲ್ಲೇ ಕೂತಿರುತ್ತಿತ್ತು.

ದಂಡೆಯ ಆ ಮೂಲೆಗೆ, ನಾತ ತಡೆಯಲು ಎಣ್ಣೆಯಿಲ್ಲದೆ ಹೋಗುವಂತಿರಲಿಲ್ಲ. ಹೊಳೆಯಲ್ಲಿ ಮಿಂದವರು ಪೀಡೆ ಕಳೆಯಲೆಂದು ಬಿಟ್ಟುಹೋದ ಸೀರೆ, ಲುಂಗಿ, ಒಳಬಟ್ಟೆಗಳು ಕೊಳೆತು ಕಪ್ಪಾಗಿ ಬಿದ್ದಿರುತ್ತಿದ್ದವು. ಅದರ ಪಕ್ಕದಲ್ಲೇ ಜನ ಬಹಿರ್ದೆಸೆಗೂ ಕೂರುತ್ತಿದ್ದರು. ನಾನು ಮೂಗು ಮುಚ್ಚಿಕೊಂಡು ಹಿಂದೆಯೇ ನಿಲ್ಲುತ್ತಿದ್ದೆ. ಮೇಡಂ ಕೋಲಿನಿಂದ ಒಂದಿಷ್ಟು ಜಾಗ ಸರಿಸಿ ಮಂಡಿಯೂರುತ್ತಿದ್ದರು. ಅಲ್ಲಿ, ಮಳೆಗಾಲದಲ್ಲಿ ಮಾತ್ರ, ಗೇಣುದ್ದದ ಗಿಡದ ಮೇಲೆ ಕಡುನೇರಳೆ ಬಣ್ಣದ ಪುಟ್ಟ ಹೂ.

ಫೋಟೋ ತೆಗೆದು ಹುಡುಕಿದರೆ ನನ್ನ ಫೋನು ಅದನ್ನು ಐರಿಸ್ ಹೂ ಎಂದಿತು.

"ಫೋನಿಗೆ ಬೆರಳಿಲ್ಲಲ್ಲ, ಪಾಪ," ಎಂದರು ಮೇಡಂ. "ಐರಿಸ್ ಎಲೆ ಬೀಸಣಿಗೆ ಹಂಗೆ ನಿಲ್ತಾವ. ಹೂವಿನಾಗ ಮೂರು ಎಸಳು ಮ್ಯಾಲೆ, ಮೂರು ಕೆಳಗೆ. ಇದ್ರಾಗ ಆರೂ ಒಂದೇ ಥರ. ಇದು ಲಿಲ್ಲಿ ಕಡೇದು. ಹೂ ಇಲ್ದಾಗ ಹುಲ್ಲು ಅನ್ಕೋಬ್ಯಾಡ. ಹುಲ್ಲಾದ್ರೆ ಎಲೆ ಕಾಂಡಕ್ಕೆ ಕೂಡೋ ಕಡೆ ಸಣ್ಣ ಪೊರೆ ಇರ್ತೈತೆ, ಇದಕ್ಕಿಲ್ಲ. ಉಗುರಿಂದ ಸವರಿ ನೋಡವ್ವ. ಕೀಳಬ್ಯಾಡ."

ಕಳೆದ ಮಳೆಗಾಲದಲ್ಲಿ ಹೋದಾಗ ಆ ಜಾಗ ಬೋಳಾಗಿತ್ತು. ಸ್ವಚ್ಛತೆಗೆಂದು ಬಂದಿದ್ದ ತಂಡವೊಂದು ಒಂದೇ ಬಣ್ಣದ ಟೀ ಶರ್ಟು ತೊಟ್ಟು, ಬ್ಯಾನರ್ ಹಿಡಿದು ನಿಂತಿತ್ತು. ಕೊಳೆತ ಬಟ್ಟೆಗಳು ಮಾತ್ರ ಇದ್ದಲ್ಲೇ ಇದ್ದವು.

"ಹುಲ್ಲೆಲ್ಲ ಕಿತ್ತು ಕ್ಲೀನ್ ಮಾಡೀವಿ. ಬರ್ರಿ ಮೇಡಂ, ಒಂದು ಫೋಟೋಕ್ಕೆ ನಿಂದ್ರಿ," ಎಂದ ಅವರ ಮುಂದಾಳು.

"ಬಟ್ಟೆ ಯಾಕ ಬಿಟ್ರಿ?"

"ಥೂ! ಯಾರ್ಯಾರದೋ ಪೀಡೆ ರೀ ಅದು. ಮುಟ್ಟಿದ್ರೆ ನಮಗೆ ಅಂಟ್ಕೊಂತೈತೆ."

ತಂಡದವರು ಕಿತ್ತ ಗಿಡಗಳನ್ನು ಅದೇ ಬಟ್ಟೆಗಳ ಮೇಲೆ, ಅದೇ ಹೊಲಸಿನಲ್ಲಿ ಒಗೆದಿದ್ದರು. ಮೇಡಂ ಅದರೊಳಗೆ ಕೈ ಹಾಕಿ ಆ ಹೂಗಿಡದ ಕಡಲೆಕಾಳಿನಷ್ಟು ಗಡ್ಡೆಗಳನ್ನು ಒಂದೊಂದಾಗಿ ಆರಿಸಿದರು. ನಮ್ಮ ಬೆನ್ನ ಹಿಂದೆ ತಂಡದವರೆಲ್ಲ ಫೋಟೋಕ್ಕೆ ನಕ್ಕರು. ಆ ನಗುವಿನಷ್ಟು ಅಸಹ್ಯ ನನಗೆ ಆ ಹೊಲಸೂ ತರಿಸಿರಲಿಲ್ಲ.

"ಮುಂದಿನ ಮಳೆಗೆ ಇವನ್ನ ಅಲ್ಲೇ ವಾಪಸ್ ಹಾಕೋಣ," ಎಂದು ಮೇಡಂ ಗಡ್ಡೆಗಳನ್ನು ತಮ್ಮ ತಾರಸಿಯ ಕುಂಡದಲ್ಲಿ ಹೂತರು. ಚಳಿಗಾಲದಲ್ಲಿ ತೀರಿಕೊಂಡರು. ಕುಂಡವನ್ನೂ ಎಣ್ಣೆಯ ಬಾಟಲಿಯನ್ನೂ ಮನೆಯವರು ನನಗೆ ಕೊಟ್ಟರು.

ಈ ಮಳೆಗೆ ಎಲೆ ಎದ್ದಿತು. ಉಗುರಿನಿಂದ ಸವರಿದೆ, ಪೊರೆ ಇರಲಿಲ್ಲ. ಕುಂಡ ಹೊತ್ತು ಹರಿಹರಕ್ಕೆ ಹೋದೆ. ಮೂಗಿನ ಕೆಳಗೆ ಎಣ್ಣೆ ಹಚ್ಚಿಕೊಂಡು, ಕೋಲಿನಿಂದ ಬಟ್ಟೆ ಸರಿಸಿ, ಮಂಡಿಯೂರಿದೆ.

ಎಣ್ಣೆ ಆ ನಾತವನ್ನು ಒಂದಿಷ್ಟೂ ತಡೆಯಲಿಲ್ಲ. ಇಷ್ಟು ವರ್ಷ ಮೇಡಂಗೂ ತಡೆದಿರಲಾರದು.