ಗೊತ್ತೇನ್ರೀಯವರ ಬಿದ್ದುಹೋದ ಸಾಲು

ಅವರಿಗೆ ಹೆತ್ತವರು ಇಟ್ಟ ಹೆಸರು ಅಂತ ಒಂದಿತ್ತು. ಆದರೆ ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಅದು ಉಪಯೋಗಕ್ಕೆ ಬಂದದ್ದಿಲ್ಲ. ಪತ್ರಿಕೆಯ ಆಫೀಸಿನಲ್ಲಿ ಬಾಗಿಲು ಕಾಯುವವನಿಂದ ಸಂಪಾದಕರವರೆಗೆ ಎಲ್ಲರ ಬಾಯಲ್ಲೂ ಅವರು ‘ಗೊತ್ತೇನ್ರೀ’. ಇಪ್ಪತ್ತಾರು ವರ್ಷದಿಂದ ಅಲ್ಲಿ ಕರಡು ತಿದ್ದುವ ಕೆಲಸ. ಕಾಗುಣಿತದ ತಪ್ಪು ಹೆಕ್ಕುವುದು ಹೊಟ್ಟೆಪಾಡು, ಸರಿ. ಜೀವ ಮಾತ್ರ ಇದ್ದದ್ದು ಪುಟದ ತಳದಲ್ಲಿ, ಸುದ್ದಿ ಸಾಲದೆ ಉಳಿಯುವ ಎರಡು ಬೆರಳಗಲದ ಖಾಲಿ ಜಾಗದಲ್ಲಿ. ‘ಗೊತ್ತೇನ್ರೀ?’ ಅಂತ ತಲೆಬರಹ ಹಾಕಿ, ಯಾವುದಾದರೊಂದು ಪ್ರಾಣಿಯ ಸಂಗತಿಯನ್ನು ಅಲ್ಲಿ ತುಂಬುವುದು ಅವರ ಪಾಲಿಗೆ ಬಂದಿತ್ತು.

ಆ ಸಂಗತಿಗಳೆಲ್ಲ ಒಂದು ಹಳೇ ಬಿಸ್ಕತ್ ಡಬ್ಬಿಯಲ್ಲಿ ಚೀಟಿಗಳಾಗಿ ಕೂತಿದ್ದವು. ಹಕ್ಕಿ ಬೇರೆ, ಮೀನು ಬೇರೆ ಅಂತ ವಿಂಗಡಿಸಿರಲಿಲ್ಲ ಮಹಾರಾಯರು, ಸಾಲಿನ ಲೆಕ್ಕದಲ್ಲಿ ಕಟ್ಟು ಕಟ್ಟಿದ್ದರು. ಪುಟ ಕಟ್ಟುವ ಹೆಂಗಸು ಕಂಪ್ಯೂಟರಿನ ಹಿಂದಿನಿಂದ “ಸಾರ್, ಒಂದೇ ಸಾಲು!” ಅಂತ ಕೂಗಿದರೆ “ಆಕ್ಟೋಪಸ್‌ಗೆ ಮೂರು ಹೃದಯ” ಅನ್ನುವರು. “ನಮಗೆ ಒಂದನ್ನ ಸಂಭಾಳಿಸೋದೇ ಸಾಕಾಗಿದೆ ಸಾರ್” ಅಂತ ಆಕೆ. “ಮೂರು ಸಾಲು!” ಅಂದರೆ, ಮೂರು ಬಣ್ಣದ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ ಆಗಿರುವುದರ ಕಾರಣ. ಜಿರಾಫೆಯ ಕತ್ತಿನಲ್ಲೂ ನಮ್ಮ ಹಾಗೆ ಏಳೇ ಮೂಳೆ, ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದೆ, ಎಲ್ಲ ಆ ಡಬ್ಬಿಯಲ್ಲಿದ್ದವು. ಪುಸ್ತಕದಲ್ಲಿ ಎರಡು ಕಡೆ ನೋಡದೆ ಒಂದು ಚೀಟಿಯನ್ನೂ ಒಳಗೆ ಬಿಟ್ಟವರಲ್ಲ.

ಮಕ್ಕಳಿಲ್ಲದ ಆ ಮನೆಗೆ ತಂಗಿಯ ಮಗಳು ಬಂದಾಗ ಅವಳಿಗೆ ಏಳು ವರ್ಷ. ತಂಗಿಗೆ ಎದೆಯ ಕಾಯಿಲೆ, ಅಂಟುವಂಥದ್ದು. ತಂದೆಯಿಲ್ಲದ ಮಗು. “ಗುಣವಾಗುವವರೆಗೆ ಮಗುವನ್ನು ಹತ್ತಿರ ಬಿಡಬೇಡಿ” ಎಂದರು ಡಾಕ್ಟರು. ಹಾಗಾಗಿ ಐದು ತಿಂಗಳು ಅವಳು ಅಮ್ಮನನ್ನು ನೋಡಿದ್ದೆಲ್ಲ ಆಸ್ಪತ್ರೆಯ ಗಾಜಿನ ಆಚೆಯಿಂದ. ಮನೆಯಲ್ಲಿ ಅತ್ತೆ ಅವಳನ್ನು ಮೀಯಿಸಿದಳು, ಉಣ್ಣಿಸಿದಳು, ಎರಡು ಜಡೆ ಹಾಕಿದಳು, ಪಕ್ಕದಲ್ಲೇ ಮಲಗಿಸಿಕೊಂಡಳು.

ಮಾವ ಓದು ಕಲಿಸಿದರು. ಪಠ್ಯಪುಸ್ತಕದಿಂದಲ್ಲ, ಬೆಳಗಿನ ಪೇಪರಿನ ‘ಗೊತ್ತೇನ್ರೀ?’ಯಿಂದ. ಬಸೆಂಜಿ ಎಂಬ ತಳಿಯ ನಾಯಿ ಸಾಮಾನ್ಯವಾಗಿ ಬೊಗಳುವುದಿಲ್ಲ ಅಂತ ಬೆರಳಿಟ್ಟು ಓದಿ, “ಹಾಗಾದ್ರೆ ಕಳ್ಳ ಬಂದ್ರೆ ಏನ್ಮಾಡುತ್ತೆ, ಬಾಗಿಲು ತಟ್ಟುತ್ತಾ?” ಅಂದಳು. ಆಮೇಲೆ, “ಇದೆಲ್ಲ ನಿಜಾನಾ ಮಾವ?”

“ಅಚ್ಚಾಗಿದೆ ತಾನೇ?” ಅಂದರು ಮಾವ, ಎದೆಯುಬ್ಬಿಸಿ. “ಬಾಯಿಮಾತಿಗೆ ಯಾರೂ ಜವಾಬ್ದಾರರಲ್ಲ ಪುಟ್ಟಿ. ಅಚ್ಚಾದ ಮಾತಿಗೆ ನಾನಿದ್ದೀನಿ.”

ಅಯ್ಯೋ, ಆ ಒಂದು ಮಾತು ಆಡದಿದ್ದರೆ ಏನಾಗುತ್ತಿತ್ತು!

ತಂಗಿ ಮನೆಗೆ ಬರಲು ಮೂರು ವಾರ ಉಳಿದಿದ್ದಾಗ ಹುಡುಗಿಗೆ ಏನೋ ಆಯಿತು. ಅತ್ತೆ ಬಾಚಣಿಗೆ ಹಿಡಿದರೆ ಓಟ. ತಾನೇ ಸ್ನಾನ, ಅದೂ ದಿನಕ್ಕೆರಡು ಸಲ, ಚರ್ಮ ಕೆಂಪಾಗುವಷ್ಟು ಸೋಪು. ಕೂದಲು ಸಿಕ್ಕುಸಿಕ್ಕಾಗಿ ಹೆಗಲ ಮೇಲೆ ಬಿದ್ದಿತ್ತು.

“ಐದು ತಿಂಗಳು ಮಗ್ಗುಲಲ್ಲಿ ಮಲಗಿಸ್ಕೊಂಡಿದ್ದೀನಿ ಕಣ್ರೀ. ಈಗ ನನ್ನ ಕೈ ಸೋಕಿದ್ರೆ ಚೇಳು ಕಚ್ಚಿದ ಹಾಗೆ ಹಾರ್ತಾಳೆ. ನಾನೇನು ಅನ್ಯಾಯ ಮಾಡ್ದೆ?” ಅಂತ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಮ್ಮ ಬರ್ತಾಳೆ ಅಂತ ಗತ್ತು ಬಿಡು” ಅಂದರು ಗೊತ್ತೇನ್ರೀ. ತಿಳಿದವರ ಧಾಟಿಯಲ್ಲೇ ಅಂದರು.

ಶುಕ್ರವಾರ ಆಸ್ಪತ್ರೆಯಿಂದ ಫೋನ್ ಬಂತು: ಪೂರ್ತಿ ಗುಣವಾಗಿದೆ, ಭಾನುವಾರ ಕರೆದುಕೊಂಡು ಹೋಗಿ. ಕುಣಿದಾಡುತ್ತಾಳೆ ಅಂದುಕೊಂಡರೆ ಹುಡುಗಿ ಮೇಜಿನ ಕೆಳಗೆ ನುಸುಳಿ, ಮೊಣಕಾಲಿಗೆ ಮುಖ ಒತ್ತಿ ಕೂತುಬಿಟ್ಟಳು. “ನಾನು ಅಮ್ಮನ ಮುಂದೆ ಬರಲ್ಲ.” ಅತ್ತೆ ರಮಿಸಿದಳು, ಗದರಿದಳು. ಊಹೂಂ. ಐದು ತಿಂಗಳು ಮಗಳನ್ನು ಅಪ್ಪಿಕೊಳ್ಳಲು ಕಾದು ಬರುವವಳಿಗೆ ಬಾಗಿಲಲ್ಲಿ ಏನು ಹೇಳುವುದು?

ಅವಳ ಶಾಲೆಯ ಚೀಲ ಜೋಡಿಸುತ್ತಾ ಗೊತ್ತೇನ್ರೀ ಪೆನ್ಸಿಲ್ ಡಬ್ಬಿ ತೆರೆದರು. ಒಳಗೆ ನಾಲ್ಕು ಮಡಿಕೆ ಮಾಡಿದ ಪೇಪರಿನ ತುಂಡು. ಅವರದೇ ತುಂಡು.

‘ಗೊತ್ತೇನ್ರೀ? ಮನುಷ್ಯರು ಮುಟ್ಟಿದ ಮರಿಯನ್ನು ತಾಯಿಹಕ್ಕಿ ಮತ್ತೆ ಹತ್ತಿರ ಸೇರಿಸುವುದಿಲ್ಲ’

ಅವರ ಕಣ್ಣು ಮೊದಲು ಹೋದದ್ದು ಕೊನೆಗೆ. ಪೂರ್ಣವಿರಾಮ ಇರಲಿಲ್ಲ. ಇಪ್ಪತ್ತಾರು ವರ್ಷದ ಅಭ್ಯಾಸ ನೋಡಿ, ಅರ್ಥಕ್ಕಿಂತ ಮೊದಲು ಚುಕ್ಕೆ ಹುಡುಕಿದರು. ಆಮೇಲೆ ಸಾಲನ್ನು ಮತ್ತೊಮ್ಮೆ ಓದಿದರು. ತಾವು ಬರೆದುಕೊಟ್ಟ ಚೀಟಿಯಲ್ಲಿ ಇನ್ನೊಂದು ಸಾಲಿತ್ತು: ‘ಎಂಬ ಮಾತಿನಲ್ಲಿ ಹುರುಳಿಲ್ಲ.’ ನಮ್ಮ ಭಾಷೆಯ ಗುಣವೇ ಹಾಗಲ್ಲವೇ, ಇಲ್ಲ ಅನ್ನುವುದನ್ನು ಬಾಲದಲ್ಲಿ ಇಟ್ಟುಕೊಳ್ಳುತ್ತದೆ. ಬಾಲ ಕತ್ತರಿಸಿದರೆ ಸುಳ್ಳು ಸತ್ಯವಾಗಿ ನಿಲ್ಲುತ್ತದೆ.

ಮೇಜಿನ ಕೆಳಗೆ ಅವರೂ ಬಗ್ಗಿ ಕೂತರು. “ಪುಟ್ಟಿ, ಇದಕ್ಕಾ?”

ಹುಡುಗಿ ಬೆರಳು ಮಡಿಚಿದಳು. “ಅತ್ತೆ ಮುಟ್ಟಿದ್ದಾರೆ. ನೀವು ಮುಟ್ಟಿದ್ದೀರಿ. ಪಕ್ಕದ್ಮನೆ ಅಜ್ಜೀನೂ ಮುಟ್ಟಿದ್ದಾರೆ. ಅಮ್ಮ ಮಾತ್ರ ಒಂದ್ಸಲಾನೂ ಮುಟ್ಟಿಲ್ಲ.” ಸ್ವಲ್ಪ ತಡೆದು, “ಎಷ್ಟು ಸೋಪು ಹಾಕಿದ್ರೆ ಮುಟ್ಟಿದ ವಾಸನೆ ಹೋಗುತ್ತೆ ಮಾವ?” ಅಂದಳು.

ಗೊತ್ತೇನ್ರೀಯವರಿಗೆ ದುಃಖ ಒತ್ತರಿಸಿ ಬಂತು. “ಅದು ಸುಳ್ಳು ಕಂದಾ! ಒಂದು ಸಾಲು ಬಿಟ್ಟುಹೋಗಿದೆ. ನಾನು ಹೇಳ್ತಿದ್ದೀನಲ್ಲ?”

“ನೀವು ಬಾಯಲ್ಲಿ ಹೇಳ್ತಿದ್ದೀರಿ” ಅಂದಳು ಹುಡುಗಿ.

ಶನಿವಾರ ಮಧ್ಯಾಹ್ನವೇ ಅವರು ಮುಖ್ಯ ಉಪಸಂಪಾದಕರ ಮುಂದೆ ನಿಂತರು. “ತಿದ್ದುಪಡಿಯೇ? ಆ ತುಂಡಿಗೇ?” ಉಪಸಂಪಾದಕರು ನಕ್ಕರು. “ಯಾಕ್ರೀ, ಹಕ್ಕಿ ದೂರು ಕೊಟ್ಟಿದೆಯೇ?”

“ಹೌದು ಸಾರ್” ಅಂದರು ಗೊತ್ತೇನ್ರೀ. “ನಮ್ಮ ಮನೇಲೇ ಕೊಟ್ಟಿದೆ.” ಅವರ ಮುಖ ನೋಡಿ ಉಪಸಂಪಾದಕರ ನಗು ನಿಂತಿತು. ಜಾಗ ಉಳಿದರೆ ಹಾಕಿಕೊಳ್ಳಿ ಅಂದರು.

ಪುಟ ಕಟ್ಟುವಾಕೆಗೆ ಆ ದಿನ ನೆನಪಿತ್ತು. “ಜಾಹೀರಾತು ಅರ್ಧ ಇಂಚು ದೊಡ್ಡದಾಗಿ ಬಂತು ಸಾರ್. ಕೊನೇ ಸಾಲು ಚೌಕದ ಹೊರಗೆ ಬಿತ್ತು, ನಾನು ನೋಡ್ಲಿಲ್ಲ. ನೀವು ತಂಗೀನ ನೋಡೋಕೆ ಬೇಗ ಹೊರಟಿದ್ರಿ.” ಅವರು ಆಕೆಯನ್ನು ಬೈಯಲಿಲ್ಲ. ಪುಟದ ಕೊನೆಯ ಕರಡು ನೋಡದೆ ಎದ್ದುಹೋದದ್ದು ಅವರೇ.

ಸಂಜೆ ಜಾಗ ಸಿಕ್ಕಿತು. ಎರಡೇ ಸಾಲು. ಗೊತ್ತೇನ್ರೀ ಬರೆದರು, ಹೊಡೆದುಹಾಕಿದರು, ಮತ್ತೆ ಬರೆದರು. ‘ಇಲ್ಲ’ ಅನ್ನುವ ಪದವೇ ಬೇಡ, ಎಲ್ಲಿ ಕತ್ತರಿಸಿದರೂ ಸುಳ್ಳಾಗಬಾರದು. ಕೊನೆಗೆ ಒಂದು ಪದ ಉಳಿಯಿತು: ‘ಸಾಮಾನ್ಯವಾಗಿ’. ಪುಸ್ತಕದಲ್ಲಿ ಹಾಗೇ ಇದೆ, ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತದೆ ಅಂತ. ಆ ಪದ ಬಿಡುವುದು ಅವರ ಪಾಲಿಗೆ ಅಪರಾಧ. ಆದರೆ ಏಳು ವರ್ಷದ ಹುಡುಗಿ ಆ ಒಂದು ಪದವನ್ನೇ ಹಿಡಿದುಕೊಂಡು ಮತ್ತೆ ಮೇಜಿನ ಕೆಳಗೆ ಹೋಗುತ್ತಾಳೆ, ಅದೂ ಅವರಿಗೆ ಗೊತ್ತು. ಈ ಪಾಪ ನನ್ನ ತಲೆ ಮೇಲಿರಲಿ ಅಂದುಕೊಂಡು ಆ ಪದ ಹೊಡೆದುಹಾಕಿದರು. ಪುಟ ಅಚ್ಚಿಗೆ ಹೋಗುವವರೆಗೆ ಪುಟ ಕಟ್ಟುವಾಕೆಯ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು.

ಭಾನುವಾರ ಬೆಳಿಗ್ಗೆ ಪೇಪರನ್ನು ಮೇಜಿನ ಕೆಳಗೆ ತಳ್ಳಿ ಪಕ್ಕದಲ್ಲಿ ಕೂತರು. ಒಳಗಿನಿಂದ ಅಕ್ಷರ ಕೂಡಿಸಿ ಓದುವ ಸದ್ದು ಬಂತು.

‘ಗೊತ್ತೇನ್ರೀ? ತಪ್ಪಾಗಿತ್ತು. ಯಾರೇ ಮುಟ್ಟಿದ್ದರೂ ತಾಯಿಹಕ್ಕಿ ತನ್ನ ಮರಿಯನ್ನು ಹತ್ತಿರ ಸೇರಿಸಿಕೊಳ್ಳುತ್ತದೆ.’

ಹುಡುಗಿ ಎರಡು ಸಲ ಓದಿದಳು. ಕೊನೆಯ ಚುಕ್ಕೆಯ ಮೇಲೆ ಬೆರಳಿಟ್ಟಳು. “ಇದರ ಮುಂದೆ ಇನ್ನೇನೂ ಇಲ್ವಲ್ಲ ಮಾವ?”

“ಇಲ್ಲ ಪುಟ್ಟಿ. ಅಷ್ಟೇ.”

ಅವಳು ಹೊರಗೆ ತೆವಳಿ ಬಂದಳು, ಗೋಡೆಯ ಗೂಡಿನಲ್ಲಿದ್ದ ಬಾಚಣಿಗೆ ತೆಗೆದುಕೊಂಡು ಅಡುಗೆಮನೆಗೆ ಹೋದಳು, ಅತ್ತೆಗೆ ಬೆನ್ನು ಮಾಡಿ ಕೂತಳು.

“ಬೇಗ ಬಾಚಿ ಅತ್ತೆ” ಅಂದಳು. “ಅಮ್ಮ ಬರೋ ಹೊತ್ತಾಯ್ತು.”